ಗಾಳಿಗೆ ಮುಚ್ಚದ ಚಪ್ಪರ

ಸಿಡುಕಿ ತನ್ನ ಟೂಲ್ ಪೆಟ್ಟಿಗೆ ಹೊತ್ತುಕೊಂಡು ಅಣ್ಣನ ಮನೆಯ ಗೇಟು ತಳ್ಳಿದಾಗ ಬೆಳಗಿನ ಒಂಬತ್ತೂವರೆ. ಅಂಗಳದಲ್ಲಿ, ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡ ಹಾಗೆ, ಮನೆಗಾಡಿ ನಿಂತಿತ್ತು. ಮಂಚ, ಒಲೆ, ಕೈತೊಳೆಯುವ ತೊಟ್ಟಿ ಎಲ್ಲ ಒಳಗೇ ಇರುವ ಉದ್ದನೆಯ ವ್ಯಾನು ಅದು. ಗುಂಡಿ ಒತ್ತಿದರೆ ಅದರ ಪಕ್ಕದಿಂದ ಬಟ್ಟೆಯ ಚಪ್ಪರವೊಂದು ಮೋಟಾರಿನ ಬಲದಲ್ಲಿ ಬಿಚ್ಚಿಕೊಂಡು ಹೊರಗೆ ಚಾಚುತ್ತಿತ್ತು. ಇನ್ನೊಂದು ಗುಂಡಿ ಒತ್ತಿದರೆ ಸುತ್ತಿಕೊಂಡು ಒಳಗೆ ಹೋಗುತ್ತಿತ್ತು. ಈಗ ಆ ಚಪ್ಪರದ ಒಂದು ತೋಳು ಕೀಲಿನಲ್ಲಿ ಮುರಿದು ಜೋತಾಡುತ್ತಿತ್ತು. ಬಟ್ಟೆ ನಟ್ಟನಡುವೆ ಒಂದು ಮಾರಿನಷ್ಟು ಹರಿದಿತ್ತು.

ಸಿಡುಕಿ ಅನ್ನುವುದು ಅವಳ ಹೆಸರೇನಲ್ಲ. ಆರು ವರ್ಷದವಳಿದ್ದಾಗ ಅಣ್ಣ ಇಟ್ಟ ಅಡ್ಡಹೆಸರು. ಅದು ಅವಳ ಜೊತೆ ಶಾಲೆಗೆ ಹೋಯಿತು, ಕೆಲಸಕ್ಕೂ ಹೋಯಿತು. ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದ ಕಂಪನಿಯಲ್ಲೂ ಅವಳು ಸಿಡುಕಿಯೇ. ಅದರಿಂದ ಅಣ್ಣನಿಗೆ ಭಾರಿ ಅನುಕೂಲವಾಗಿತ್ತು. ಅವಳು ಯಾವುದಕ್ಕೆ ರೇಗಿದರೂ "ಅವಳಿರೋದೇ ಹಾಗೆ" ಅಂದುಬಿಟ್ಟರೆ ಸಾಕು, ರೇಗಿದ್ದು ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ.

ಅಣ್ಣ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗೂ ಒಂದು ಬ್ರೇಕ್ ಇಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ತಪ್ಪು ಎತ್ತಿ ತೋರಿಸುವುದೇ ಅವನ ಹೊಟ್ಟೆಪಾಡಾಗಿತ್ತು. ಸ್ಕೂಲ್ ಮುಚ್ಚಿದ ಮೇಲೆ ಈ ಗಾಡಿ ಕೊಂಡ. ಹೆಂಡತಿಯನ್ನು ಕೂರಿಸಿಕೊಂಡು ಊರೂರು ಸುತ್ತತೊಡಗಿದ.

ಏಳು ವಾರದ ಹಿಂದೆ ಒಂದು ಸರೋವರದ ದಂಡೆಯಲ್ಲಿ ಗಾಡಿ ನಿಲ್ಲಿಸಿದ್ದರು. ಅಣ್ಣ ಪಕ್ಕದ ಗಾಡಿಯವರ ಜೊತೆ ಹರಟುತ್ತಾ ದೂರ ನಡೆದುಹೋಗಿದ್ದ. ಅತ್ತಿಗೆ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅವಳು ಟೈಲರ್. ಶಾಲೆಗಳ ಯೂನಿಫಾರಂ ಹೊಲಿದೇ ಅವಳ ಅರ್ಧ ಆಯುಸ್ಸು ಕಳೆದಿತ್ತು. ಇದ್ದಕ್ಕಿದ್ದ ಹಾಗೆ ಗಾಳಿ ಎದ್ದಿತು. ಚಪ್ಪರ ಹಾಯಿಯಂತೆ ಉಬ್ಬಿ ಮೇಲೆದ್ದು, ತೋಳು ಮುರಿದು, ಮುಂದಿನ ಕಬ್ಬಿಣದ ಪಟ್ಟಿ ಅವಳ ಬಲಭುಜದ ಮೇಲೆ ಬಿತ್ತು. ಭುಜದ ಮುಂದಿನ ಕೊರಳೆಲುಬು ಎರಡು ತುಂಡು.

ಗುಂಡಿ ಒತ್ತಿದೆ, ಮುಚ್ಚಲಿಲ್ಲ ಅಂತ ಅತ್ತಿಗೆ ಹೇಳಿದಳು. ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದ್ದಾಳೆ ಅಂತ ಅಣ್ಣ ಹೇಳಿದ. ಹೇಳಿದ್ದಷ್ಟೇ ಅಲ್ಲ, ಅದೇ ಸಂಜೆ ಆಸ್ಪತ್ರೆಯಿಂದ ಬಂದವನೇ ಅಲ್ಲಿದ್ದವರೆಲ್ಲರ ಎದುರಿಗೆ ಮುಚ್ಚುವ ಗುಂಡಿ ಒತ್ತಿದ. ಮೋಟಾರು ಗುರ್ ಅಂತ ತಿರುಗಿತು. ಅಲ್ಲಿಗೆ ಪಂಚಾಯ್ತಿ ಮುಗಿಯಿತು. ಮಗಳು ದೂರದೂರಿಂದ ಫೋನ್ ಮಾಡಿ, ಇನ್ನು ಮೇಲೆ ಅಪ್ಪ ಇಲ್ಲದಾಗ ಯಾವುದನ್ನೂ ಮುಟ್ಟಬೇಡಮ್ಮ ಅಂತ ಅಮ್ಮನಿಗೆ ಬುದ್ಧಿ ಹೇಳಿದಳು. ಸಿಡುಕಿಯೂ ಫೋನಿನಲ್ಲಿ, ಗಾಬರಿಯಲ್ಲಿ ಯಾರಿಗಾದರೂ ಹಾಗಾಗುತ್ತೆ ಬಿಡಿ ಅತ್ತಿಗೆ, ಅಂದಿದ್ದಳು. ಸಮಾಧಾನ ಹೇಳಿದೆ ಅಂತಲೇ ಅಂದುಕೊಂಡಿದ್ದಳು.

ಈಗ ಅಣ್ಣ ಅವಳನ್ನು ಕರೆಸಿಕೊಂಡಿದ್ದು ಹೊಸ ತೋಳು ಕೂರಿಸಲು. ತೋಳು ಬಂದಿದೆ, ನಾಲ್ಕು ಬೋಲ್ಟು ಬಿಗಿದರೆ ಮುಗಿಯಿತು, ಮೋಟಾರು ವೈರು ಎಲ್ಲ ಸರಿಯಾಗೇ ಇದೆ, ಆ ಕಡೆ ಕೈ ಹಾಕಬೇಡ ಅಂತ ಬರುತ್ತಿದ್ದ ಹಾಗೇ ಹೇಳಿದ. ಬಟ್ಟೆ ಏನು ಮಾಡುತ್ತೀಯ ಅಂತ ಅವಳು ಕೇಳಿದಳು.

"ಅವಳೇ ಹೊಲೀತಾಳೆ. ಅವಳೇ ತಾನೆ ಹರಿದಿದ್ದು," ಅಂದು ಅಣ್ಣ ನಕ್ಕ.

ಅತ್ತಿಗೆ ಆಗಷ್ಟೇ ಎಡಗೈಯಲ್ಲಿ ಟೀ ಲೋಟ ಹಿಡಿದು ಬಾಗಿಲು ದಾಟುತ್ತಿದ್ದಳು. ಬಲಗೈ ಇನ್ನೂ ಬಟ್ಟೆಯ ಪಟ್ಟಿಯಲ್ಲಿ ಕೊರಳಿಗೆ ನೇತುಬಿದ್ದಿತ್ತು. ಅವಳೂ ನಕ್ಕಳು. ಆ ನಗು ನೋಡಿ ಸಿಡುಕಿಯ ಮೈಯೆಲ್ಲ ಉರಿದುಹೋಯಿತು. ಈ ಅತ್ತಿಗೆ ಹಿಂದೆ ಹಾಗೆ ನಗುವವಳಾಗಿರಲಿಲ್ಲ. ಅಂಗಿಯ ಒಂದು ತೋಳಿನ ಅಳತೆ ಅರ್ಧ ಬೆರಳು ಹೆಚ್ಚಾಯಿತು ಅಂದ ಹೆಡ್‌ಮಾಸ್ತರನ್ನು ಟೇಪು ಹಿಡಿದು ನಿಲ್ಲಿಸಿ, ತನ್ನ ಲೆಕ್ಕವೇ ಸರಿ ಅಂತ ಒಪ್ಪಿಸಿ ಕಳಿಸಿದವಳು. ಈಗ ಲೋಟ ಕೆಳಗಿಡುವ ಮೊದಲು ಗಂಡನ ಮುಖ ನೋಡಿ, ಇಲ್ಲಿಡಲಾ ಅಂತ ಕೇಳಿದಳು.

ಅಣ್ಣ ಒಳಗೆ ಪೇಪರ್ ಓದಲು ಹೋದ. ಸಿಡುಕಿ ಬೋಲ್ಟುಗಳನ್ನು ಅಲ್ಲೇ ಬಿಟ್ಟು, ಅತ್ತಿಗೆಯನ್ನು ಗಾಡಿಯ ಮೆಟ್ಟಿಲ ಮೇಲೆ ಕೂರಿಸಿ, ಆವತ್ತು ಏನಾಯಿತು ಅಂತ ಮೊದಲಿಂದ ಹೇಳಿ ಅಂದಳು. ಏಳು ವಾರದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ ಅನ್ನುವುದು ಅತ್ತಿಗೆ ತಡವರಿಸಿದ್ದರಲ್ಲೇ ತಿಳಿಯಿತು. ಹೇಳತೊಡಗಿದ ಮೇಲೆ ಮಾತ್ರ ಒಂದೂ ಬಿಡದೆ ಹೇಳಿದಳು. ಎದ್ದು ಬಾಗಿಲ ಹತ್ತಿರ ಹೋಗಿದ್ದು, ಕೆಳಗಿನ ಗುಂಡಿ, ಬಾಣ ಒಳಗಡೆಗೆ ತಿರುಗಿರುವುದು, ಅದನ್ನು ಒತ್ತಿದ್ದು. ಒಂಬತ್ತು ಸಲ ಒತ್ತಿದ್ದಳಂತೆ. ಎಣಿಸಿದ್ದಳಂತೆ. ಹೊಲಿಗೆಯವರಿಗೆ ಎಣಿಸುವುದು ಚಟ. ಒಂಬತ್ತನೆಯದಕ್ಕೂ ಅಲುಗಲಿಲ್ಲ ಅಂತ ಮಡಿಸಿಟ್ಟ ಬಟ್ಟೆ ತರಲು ಕುರ್ಚಿಯ ಕಡೆ ತಿರುಗಿದಾಗ ಪಟ್ಟಿ ಮೇಲೆ ಬಿತ್ತು.

"ಒತ್ತಿದಾಗ ಮೋಟಾರಿಂದ ಏನಾದ್ರೂ ಸದ್ದು ಬಂತಾ? ಗುರ್ ಅಂತಲೋ, ಕಟ್ ಅಂತಲೋ?"

"ಏನೂ ಇಲ್ಲ. ಗೋಡೆಗೆ ಒತ್ತಿದ ಹಾಗಿತ್ತು."

ಸಿಡುಕಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಪ್ಪು ಗುಂಡಿ ಒತ್ತಿದ್ದರೆ ಚಪ್ಪರ ಬಿಚ್ಚಿಕೊಳ್ಳಲು ನೋಡುತ್ತಿತ್ತು, ಮೋಟಾರು ನರಳುತ್ತಿತ್ತು. ಸದ್ದೇ ಬರಲಿಲ್ಲ ಅಂದರೆ ಕರೆಂಟೇ ಬರಲಿಲ್ಲ. ಸಂಜೆ ಕೆಲಸ ಮಾಡಿದ್ದು ಮಧ್ಯಾಹ್ನ ಕೆಲಸ ಮಾಡಿರಲೇಬೇಕು ಅಂತೇನೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡು ಅರ್ಧ ದಿನ ಒದ್ದಾಡಿದ ಎಷ್ಟೋ ಜನರಿಗೆ ಕಟ್ಟಡದ ಮ್ಯಾನೇಜರುಗಳು ನೀವೇ ಏನೋ ತಪ್ಪು ಒತ್ತಿದ್ದೀರಿ ಅಂದದ್ದನ್ನು ಅವಳು ಕೇಳಿದ್ದಳು. ಅಂಥವರ ಮೇಲೆಲ್ಲ ಹರಿಹಾಯ್ದು, ಪ್ಯಾನೆಲ್ ಬಿಚ್ಚಿ, ಸಡಿಲಾದ ವೈರನ್ನು ಮೂಗಿನ ಮುಂದೆ ಹಿಡಿದು ತೋರಿಸಿದವಳು. ಅಂಥವಳು ಅತ್ತಿಗೆಗೆ ಏನು ಹೇಳಿದ್ದಳು? ಬಿಡಿ ಅತ್ತಿಗೆ, ಹಾಗಾಗುತ್ತೆ.

ಅತ್ತಿಗೆ ಒಳಗೆ ಹೋದ ಮೇಲೆ ಅವಳು ಫ್ಯೂಸು ನೋಡಿದಳು, ಸರಿಯಿತ್ತು. ಗುಂಡಿಯ ಹಿಂದೆ ಮೀಟರ್ ಇಟ್ಟಳು, ಕರೆಂಟು ಬರುತ್ತಿತ್ತು. ಮೋಟಾರಿನ ಹತ್ತಿರ ಇಟ್ಟಳು, ಅಲ್ಲೂ ಬಂತು. ಮೀಟರ್ ಹಾಗೇ ಹಿಡಿದು ಇನ್ನೊಂದು ಕೈಯಿಂದ ಗಾಡಿಯ ಪಕ್ಕದ ವೈರನ್ನು ಉದ್ದಕ್ಕೂ ಅಲುಗಿಸುತ್ತಾ ಬಂದಳು. ಮೇಲಿನ ಮೂಲೆಯಲ್ಲಿ ಒಂದು ಕಡೆ ಅಲುಗಿಸಿದಾಗ ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಬಿಟ್ಟಾಗ ಎದ್ದಿತು. ಮತ್ತೆ ಅಲುಗಿಸಿದಳು, ಮತ್ತೆ ಬಿತ್ತು.

ಇನ್ನೊಂದು ವಿಷಯವೂ ಅವಳ ಕಣ್ಣಿಗೆ ಬಿತ್ತು. ಇಂಥ ಚಪ್ಪರದ ಮುಂದಿನ ಪಟ್ಟಿಯ ತುದಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸೆನ್ಸರ್ ಇರಬೇಕು. ಗಾಳಿಗೆ ಪಟ್ಟಿ ಕುಲುಕಿದರೆ ಯಾರೂ ಗುಂಡಿ ಒತ್ತದೆಯೇ ಚಪ್ಪರ ತಾನಾಗಿ ಮುಚ್ಚಿಕೊಳ್ಳಲಿ ಅಂತ ಇಟ್ಟದ್ದು. ಇಲ್ಲಿ ಅದರ ಜಾಗದಲ್ಲಿ ಎರಡು ತೂತು ಮಾತ್ರ ಇದ್ದವು, ಎರಡಕ್ಕೂ ಬಿಳಿ ಮೇಣ ತುಂಬಿತ್ತು. ಅವಳು ಅಣ್ಣನನ್ನು ಕೂಗಿ ಕೇಳಿದಳು. ಪೇಪರ್ ಕೈಯಲ್ಲೇ ಹಿಡಿದು ಬಂದ ಅವನು, ಗಾಡಿ ಕೊಂಡಾಗಿನಿಂದ ಹಾಗೇ ಇದೆ, ಹಳೇ ಮಾಲೀಕ ತೆಗೆದಿರಬೇಕು ಅಂದ. ತೋಳು ಹಾಕು ಅಂದರೆ ನೀನು ಪೋಸ್ಟ್‌ಮಾರ್ಟಂ ಮಾಡ್ತಿದೀಯ ಅಂತಲೂ ಅಂದ.

ಅವಳು ಏಣಿ ಹತ್ತಿ ಮೂಲೆಯ ಪ್ಲಾಸ್ಟಿಕ್ ಮುಚ್ಚಳ ಕಳಚಿದಳು. ಒಳಗೆ ಎರಡು ವೈರು ಕತ್ತರಿಸಿ, ಬೆಸುಗೆ ಹಾಕದೆ ಬರೀ ಬೆರಳಲ್ಲಿ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿದ್ದರು. ನೀರು ಇಳಿದು, ಟೇಪಿನ ಅಂಚಿನಲ್ಲಿ ಕಾಣುವ ತಾಮ್ರ ಹಸಿರುಗಟ್ಟಿತ್ತು. ಸೆನ್ಸರ್ ಕಿತ್ತು ಹಾಕಿದವರು ಅದರ ವೈರುಗಳನ್ನು ನೇರ ಒಂದಕ್ಕೊಂದು ಕಟ್ಟಿ ಕೈತೊಳೆದುಕೊಂಡಿದ್ದರು. ಗಾಳಿಗೆ ಗಾಡಿ ಕುಲುಕಿದಾಗ ಆ ಗಂಟು ಬಿಟ್ಟು ಮೋಟಾರಿಗೆ ಕರೆಂಟು ತಪ್ಪುತ್ತಿತ್ತು, ಕುಲುಕಾಟ ನಿಂತಾಗ ಕೂಡುತ್ತಿತ್ತು.

ಟೇಪು ಬಿಚ್ಚಲು ಅದರ ತುದಿ ಹುಡುಕಿದಳು. ಹುಡುಕುವ ಕೆಲಸವೇ ಇರಲಿಲ್ಲ. ತುದಿಯನ್ನು ಉಗುರಿನಷ್ಟಗಲ ಒಳಕ್ಕೆ ಮಡಿಸಿ ಸಣ್ಣ ಬಾಲ ಮಾಡಿದ್ದರು.

ಅವಳು ಟೇಪು ಬಿಚ್ಚುವುದನ್ನು ಬಿಟ್ಟಳು. ಅಪ್ಪ ಮನೆಯ ಹಿಂದಿನ ಶೆಡ್ಡಿನಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಮುಂದೆ ಬಿಚ್ಚುವವನಿಗೆ ಉಗುರಿಗೆ ಸಿಗಲಿ ಅಂತ ಟೇಪಿನ ತುದಿಯನ್ನು ಹೀಗೆ ಮಡಿಸುವುದನ್ನು ಇಬ್ಬರು ಮಕ್ಕಳಿಗೂ ಕಲಿಸಿದ್ದ. ಅಷ್ಟು ವರ್ಷದ ಕೆಲಸದಲ್ಲಿ ಬೇರೆ ಯಾರೊಬ್ಬರೂ ಹಾಗೆ ಮಡಿಸಿದ್ದನ್ನು ಅವಳು ನೋಡಿರಲಿಲ್ಲ.

ಅವಳು ಇಕ್ಕಳದಿಂದ ಆ ಗಂಟನ್ನು ಟೇಪಿನ ಸಮೇತ ಕತ್ತರಿಸಿಕೊಂಡು ಕೆಳಗಿಳಿದು, ಅಣ್ಣನ ಮುಂದೆ ನಿಂತು ಅಂಗೈಯಲ್ಲಿ ಹಿಡಿದಳು.

"ಇದನ್ನ ಸುತ್ತಿದ್ದು ಯಾರು?"

"ಹೇಳಿದ್ನಲ್ಲ, ಹಳೇ ಮಾಲೀಕ."

"ಅವನೂ ಅಪ್ಪನ ಶೆಡ್ಡಿಗೆ ಬರ್ತಿದ್ನಾ?"

ಅಣ್ಣ ಟೇಪಿನ ಬಾಲ ನೋಡಿದ. ಪೇಪರನ್ನು ನಾಲ್ಕಾಗಿ ಮಡಿಸಿದ, ಮತ್ತೆ ಬಿಚ್ಚಿದ. ಆಮೇಲೆ, ಅದೊಂದು ಪೀಡೆಯಾಗಿತ್ತು ಕಣೆ ಅಂತ ಶುರುಮಾಡಿದ. ಎಲೆ ಅಲುಗಿದರೂ ಮುಚ್ಚಿಕೊಳ್ಳುತ್ತಿತ್ತಂತೆ. ಗೆಳೆಯರೆಲ್ಲ ಕೆಳಗೆ ಕೂತಿದ್ದಾಗ ಮುಚ್ಚಿಕೊಂಡು, ಎಲ್ಲರೂ ನಕ್ಕು, ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದವನಿಗೆ ಒಂದು ಚಪ್ಪರ ಆಡಿಸೋಕೆ ಬರಲ್ವಾ ಅಂದರಂತೆ. ಹತ್ತು ನಿಮಿಷದ ಕೆಲಸ, ಕಿತ್ತುಹಾಕಿದನಂತೆ.

ಸಿಡುಕಿಗೆ ಅದರ ಬಗ್ಗೆ ಕೋಪವೇ ಬರಲಿಲ್ಲ. ಜನ ಇದಕ್ಕಿಂತ ದೊಡ್ಡ ಪೆದ್ದುತನ ಮಾಡಿದ್ದನ್ನು ಅವಳು ಕಂಡಿದ್ದಳು. ಅವಳು ಕೇಳಿದ್ದು ಬೇರೆ.

"ಆವತ್ತು ಸಂಜೆ ಎಲ್ರ ಮುಂದೆ ಗುಂಡಿ ಒತ್ತಿ ತೋರಿಸ್ದೆಯಲ್ಲ. ಆಗ ನಿಂಗೆ ಇದು ನೆನಪಿತ್ತಾ?"

ಅವನು ಪೇಪರನ್ನು ಮತ್ತೆ ಮಡಿಸತೊಡಗಿದ.

"ನೆನಪಿತ್ತಾ ಅಣ್ಣ?"

"ಮೂಳೆ ಆಗಲೇ ಮುರಿದಿತ್ತಲ್ಲ," ಅಂದ ಅವನು. "ಹೇಳಿದ್ರೆ ಕೂಡ್ತಿತ್ತಾ?"

ಪಿತ್ತ ನೆತ್ತಿಗೇರುವುದು ಅಂದರೆ ಏನು ಅಂತ ಸಿಡುಕಿಗೆ ಆಗ ಗೊತ್ತಾಯಿತು. ಅಲ್ಲಿಯವರೆಗೆ ಅವಳಿಗೆ ಬಂದಿದ್ದೆಲ್ಲ ಬರೀ ಮುನಿಸು. ಕಿವಿಯಲ್ಲಿ ಜುಂಯ್ ಅಂತ ಸದ್ದು, ಕೈಯಲ್ಲಿದ್ದ ಇಕ್ಕಳದ ಹಿಡಿ ಅಂಗೈಗೆ ಒತ್ತಿ ಗುರುತು ಬೀಳುವಷ್ಟು ಬಿಗಿ. ಬಾಯಿ ತೆಗೆದರೆ ಅವಳಿರೋದೇ ಹಾಗೆ ಅಂದುಬಿಡುತ್ತಾನೆ ಅಂತ ತಿಳಿದು ಹಲ್ಲು ಕಚ್ಚಿ ನಿಂತಳು. ಆಮೇಲೆ ದನಿ ಏರಿಸದೆ, ಹೋಗಿ ಅತ್ತಿಗೆಗೆ ಹೇಳು ಅಂದಳು. ಅವನು ಸುತ್ತ ನೋಡಿ, ಅವಳು ಅದನ್ನೆಲ್ಲ ಮರೆತಿದ್ದಾಳೆ, ಈಗ ಕೆದಕಿ ಯಾಕೆ ಅವಳ ಮನಸ್ಸು ಕೆಡಿಸ್ತೀಯ ಅಂದ.

"ನಾನೇನೂ ಮರೆತಿಲ್ಲ."

ಅಡುಗೆಮನೆಯ ಕಿಟಕಿಯ ಹಿಂದೆ ಅತ್ತಿಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅತ್ತಿಗೆ ಹೊರಗೆ ಬಂದಳು, ಬೈಯಲಿಲ್ಲ, ಅಳಲಿಲ್ಲ. ಸಿಡುಕಿಯ ಕೈಯಿಂದ ಆ ಹಸಿರುಗಟ್ಟಿದ ಗಂಟು ತೆಗೆದುಕೊಂಡು, ಬಟ್ಟೆಯ ದೋಷ ಹುಡುಕುವವಳಂತೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ನಾನೇ ತಪ್ಪು ಒತ್ತಿರಬೇಕು ಅಂತ ನಂಗೇ ಅನ್ಸೋಕೆ ಶುರುವಾಗಿತ್ತು," ಅಂದಳು. "ನಂಗೆ ವಯಸ್ಸಾಯ್ತು, ತಲೆ ನಿಲ್ತಿಲ್ಲ ಅಂತ ಹೆದರಿಕೊಂಡಿದ್ದೆ. ಒಲೆ ಆರಿಸಿದ್ದೀನಾ ಅಂತ ದಿನಾ ನಾಲ್ಕು ಸಲ ಎದ್ದು ಹೋಗಿ ನೋಡ್ತಿದ್ದೆ. ನೀವು ಅದನ್ನ ನೋಡ್ತಾ ಕೂತಿದ್ರಿ."

ಅಣ್ಣ ಏನೋ ಹೇಳಲು ಹೋದ. ಅವಳು ಅವನ ಅಂಗಿಯ ಜೇಬಿನಿಂದ ಫೋನ್ ತೆಗೆದು ಅವನ ಕೈಗೇ ಕೊಟ್ಟು, ಮಗಳಿಗೆ ಮಾಡಿ ಅಂದಳು. ದನಿ ಎಲ್ಲರಿಗೂ ಕೇಳುವ ಹಾಗೆ ಇಡಿಸಿದಳು. ಮಗಳು ಎತ್ತಿದಾಗ ಅಣ್ಣ, ವೈರಿಂಗಿನಲ್ಲಿ ಏನೋ ತೊಂದರೆ ಆಗಿತ್ತಂತೆ, ಅಮ್ಮನದೇನೂ ತಪ್ಪಿಲ್ಲವಂತೆ ಅಂದ. ಅತ್ತಿಗೆ ತಲೆ ಅಲ್ಲಾಡಿಸಿದಳು. ಸೆನ್ಸರ್ ಯಾರೋ ಕಿತ್ತಿದ್ದರು ಅಂದ. ಅತ್ತಿಗೆ ಮತ್ತೆ ತಲೆ ಅಲ್ಲಾಡಿಸಿದಳು. ಮೂರನೇ ಸಲಕ್ಕೆ ಅವನ ಬಾಯಿಂದ, ಕಿತ್ತಿದ್ದು ನಾನು, ಗೊತ್ತಿದ್ದೂ ಹೇಳಲಿಲ್ಲ ಅನ್ನುವ ಮಾತು ಹೊರಬಂತು. ಮಗಳು, ಅಮ್ಮನಿಗೆ ಕೊಡು ಅಂದಳು. ಅತ್ತಿಗೆ ಫೋನ್ ತೆಗೆದುಕೊಂಡು, ಆಮೇಲೆ ಮಾತಾಡ್ತೀನಿ ಅಂತ ಇಟ್ಟುಬಿಟ್ಟಳು.

ಸಿಡುಕಿ ಆವತ್ತು ಉಳಿದ ಕೊಳೆತ ತಾಮ್ರವನ್ನೂ ಕತ್ತರಿಸಿ, ಹೊಸ ವೈರು ಬೆಸೆದು, ತೋಳು ಕೂರಿಸಿದಳು. ಕೋಪ ಇಳಿಯಲಿ ಅಂತ ಮಾಡಿದ ಕೆಲಸ, ಇಳಿಯಲಿಲ್ಲ. ಸೆನ್ಸರ್ ಬರುವವರೆಗೆ ಯಾರೂ ಚಪ್ಪರ ಬಿಚ್ಚಬಾರದು ಅಂತ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡಳು. ಅಷ್ಟರಲ್ಲಿ ಅತ್ತಿಗೆ ಒಂದು ಚೀಲ ತುಂಬಿಕೊಂಡು ಬಂದು ಸಿಡುಕಿಯ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಕೈ ಪೂರ್ತಿ ಏಳುವವರೆಗೆ ನಿನ್ನ ಮನೆಯಲ್ಲಿರುತ್ತೇನೆ ಅಂದಳು, ಇರಲಾ ಅಂತ ಕೇಳಲಿಲ್ಲ. ಹರಿದ ಬಟ್ಟೆ ಅಂಗಳದಲ್ಲಿ ಬಿದ್ದಿತ್ತು. ಅದನ್ನೇನು ಮಾಡಲಿ ಅಂತ ಅಣ್ಣ ಕೇಳುತ್ತಿದ್ದಾಗಲೇ ಸಿಡುಕಿ ವ್ಯಾನು ಹೊರಡಿಸಿದಳು.

ದಾರಿಯಲ್ಲಿ ಸಿಡುಕಿ ಕ್ಷಮೆ ಕೇಳಿದಳು. ನಾನೂ ಫೋನಿನಲ್ಲಿ ಹಾಗೇ ಅಂದಿದ್ದೆ ಅಂದಳು.

"ಹೌದು, ಅಂದಿದ್ದೆ," ಅಂದಳು ಅತ್ತಿಗೆ. "ಎಲ್ರಿಗಿಂತ ನಿನ್ನ ಮಾತೇ ಜಾಸ್ತಿ ನೋವಾಗಿದ್ದು. ನಿಂಗೆ ಮೆಷಿನ್ ವಿಷಯ ಗೊತ್ತು ಅಂತ."

ಸಿಗ್ನಲ್ ಹಸಿರಾಗಿ ಹಿಂದಿನ ಕಾರಿನವನು ಹಾರನ್ ಹೊಡೆದಾಗ, ಸಿಡುಕಿ ಎಂದೂ ಇಲ್ಲದ ಹಾಗೆ, ಅವನಿಗೆ ತಿರುಗಿ ಏನೂ ಅನ್ನದೆ ಗೇರ್ ಹಾಕಿದಳು.

ಅತ್ತಿಗೆ ಅವಳ ಮನೆಯಲ್ಲಿ ಐದು ವಾರ ಇದ್ದಳು. ದಿನಾ ಬೆಳಿಗ್ಗೆ ಗೋಡೆಗೆ ಮುಖಮಾಡಿ ನಿಂತು, ಬೆರಳುಗಳನ್ನು ಮೇಲಕ್ಕೆ ನಡೆಸುತ್ತಾ, ಎಲ್ಲಿಯವರೆಗೆ ತಲುಪಿತೋ ಅಲ್ಲಿ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಿದ್ದಳು. ಅಣ್ಣ ದಿನವೂ ಫೋನ್ ಮಾಡುತ್ತಿದ್ದ. ಮೊದಲ ಎಂಟು ದಿನ ಅವಳು ಎತ್ತಲಿಲ್ಲ. ಆಮೇಲೆ ಎತ್ತಿದಳು, ಔಷಧಿ ಎಲ್ಲಿದೆ, ಹಾಲಿನವನಿಗೆ ಏನು ಹೇಳಬೇಕು ಅನ್ನುವಷ್ಟು ಮಾತಾಡಿದಳು. ನಡುವೆ ಸಿಡುಕಿ ಒಂದು ದಿನ ಒಬ್ಬಳೇ ಹೋಗಿ ಹೊಸ ಸೆನ್ಸರ್ ಕೂರಿಸಿ, ಪಟ್ಟಿಯನ್ನು ಕೈಯಿಂದ ಕುಲುಕಿ, ಚಪ್ಪರ ತಾನಾಗಿ ಮುಚ್ಚಿಕೊಳ್ಳುವುದನ್ನು ಮೂರು ಸಲ ನೋಡಿ, ನೀರೂ ಕುಡಿಯದೆ ಬಂದಳು.

ಶಾಲೆ ತೆರೆಯುವ ಹೊತ್ತಿಗೆ ಯೂನಿಫಾರಂ ಕೆಲಸ ಬಂತು ಅಂತ ಅತ್ತಿಗೆ ಮನೆಗೆ ಹೋದಳು. ಗಂಡನನ್ನು ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ. ಹೊಲಿಗೆ ಮೆಷಿನ್ನನ್ನು ನಡುಮನೆಗೆ ತರಿಸಿಕೊಂಡಳಂತೆ, ಅವನು ಟಿವಿ ನೋಡುತ್ತಿದ್ದ ಜಾಗಕ್ಕೆ. ಟಿವಿ ಒಳಗಿನ ಕೋಣೆಗೆ ಹೋಯಿತಂತೆ. ಗಾಡಿಯಲ್ಲಿ ಆಮೇಲೆ ಒಂದೆರಡು ಸಲ ಇಬ್ಬರೂ ಹೋಗಿ ಬಂದರು. ಎಲ್ಲಿಗೆ ಹೋಗಬೇಕು ಅಂತ ಅವಳೇ ಹೇಳಿದಳಂತೆ.

ಸಿಡುಕಿಯ ಕೋಪ ಮಾತ್ರ ಹಾಗೇ ಇದೆ. ಈಗಲೂ ಆ ಮನೆಗೆ ಫೋನ್ ಮಾಡಿದಾಗ ಅಣ್ಣ ಎತ್ತಿದರೆ, ಚೆನ್ನಾಗಿದ್ದೀಯಾ ಅಂತ ಅವನು ಕೇಳುವಷ್ಟರಲ್ಲಿ, ಅತ್ತಿಗೆಗೆ ಕೊಡು ಅನ್ನುತ್ತಾಳೆ. ಅವನು ಮರುಮಾತಾಡದೆ ಕೊಡುತ್ತಾನೆ.