ಒಂದು ಪೆಟ್ಟು ಮುಂದೆ

ಮೂವತ್ತು ವರ್ಷ ಆ ರಾಕ್ ಬ್ಯಾಂಡಿನ ಹೆಸರು ಹೇಳಿ ಎದೆಯುಬ್ಬಿಸಿದ್ದ ಮನುಷ್ಯನಿಗೆ, ಮಗಳು ಅದೇ ಬ್ಯಾಂಡಿನ ಎರಡು ಟಿಕೆಟ್ ತಂದು ಕೈಗಿಟ್ಟ ದಿನವೇ ಮಂಡಿನೋವು ಶುರುವಾಯಿತು. ಅವನ ಹೆಂಡತಿ ಟೈಲರಮ್ಮನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

"ಆ ಗದ್ದಲ ನನ್ನ ಕಿವಿಗೆ ಆಗಲ್ಲ ಕಣೇ," ಎಂದ ಗಂಡ.

"ಅಪ್ಪಾ, ನಿಮ್ಮ ಹಳೇ ಗೆಳೆಯರಲ್ವಾ? ಮುಗಿದ ಮೇಲೆ ಹೋಗಿ ಮಾತಾಡಿಸಿ," ಎಂದಳು ಮಗಳು.

"ಅವರಿಗೆಲ್ಲಿ ಪುರುಸೊತ್ತು," ಎಂದು ಅವನು ಮಂಡಿ ತಿಕ್ಕಿಕೊಂಡ.

ಲಿಫ್ಟ್ ರಿಪೇರಿ ಕಲಿಯುತ್ತಿದ್ದ ವಯಸ್ಸಿನಲ್ಲಿ ಅವನು ಆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದನಂತೆ. ಡ್ರಮ್ ಬಡಿಯುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಟೈಲರಮ್ಮನ ಅಪ್ಪ ಹಟ ಹಿಡಿದಾಗ, ಅವಳಿಗೋಸ್ಕರ ಎಲ್ಲ ಬಿಟ್ಟು ಬಂದನಂತೆ. ಯಾವ ಜಗಳವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಅಲ್ಲಿಗೇ. ಈಗ ಅವನಿಗೆ ಕೆಲಸದಿಂದ ನಿವೃತ್ತಿಯಾಗಿತ್ತು. ಅಣ್ಣನ ಊರಿಗೆ ಹೋಗಿ ಇದ್ದುಬಿಡೋಣ ಎನ್ನುತ್ತಿದ್ದ. ಹೋಗಬೇಕೆಂದರೆ ಅವಳ ಹೊಲಿಗೆ ಅಂಗಡಿಯ ಬಾಗಿಲು ಮುಚ್ಚಬೇಕು. "ಅವತ್ತು ನಾನು ಬ್ಯಾಂಡ್ ಬಿಟ್ಟೆ. ಇವತ್ತು ನೀನು ಒಂದು ಅಂಗಡಿ ಬಿಡೋಕಾಗಲ್ವಾ?" ಎಂದು ಕೇಳುತ್ತಿದ್ದ. ಬಾಡಿಗೆ ಅಂಗಡಿ ಬಿಡುತ್ತಾಳೋ ಇಲ್ಲವೋ ಎಂದು ಓನರಿಗೆ ನಾಳೆ ಬೆಳಿಗ್ಗೆ ಉತ್ತರ ಹೇಳಬೇಕಿತ್ತು. ಹೂಂ ಎನ್ನಲು ಅವಳು ಮನಸ್ಸು ಗಟ್ಟಿ ಮಾಡಿಕೊಂಡೂ ಆಗಿತ್ತು.

ಮಗಳ ಒತ್ತಾಯಕ್ಕೆ ಮಣಿದು ಬಂದರೂ, ಸಭಾಂಗಣದಲ್ಲಿ ಗಂಡ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಕಟ್ಟಕಡೆಯ ಸಾಲು ಹುಡುಕಿ ಕೂತ. ವೇದಿಕೆಗೆ ಬಂದವರೆಲ್ಲ ಮುದುಕರು. ಒಬ್ಬ ಸ್ಟೂಲಿನ ಮೇಲೆ ಕೂತೇ ಗಿಟಾರ್ ಹಿಡಿದ. ಬೆಳ್ಳಿಕೂದಲಿನ ಹಾಡುಗಾರ ಕನ್ನಡಕಕ್ಕಾಗಿ ಜೇಬೆಲ್ಲ ತಡಕಾಡಿದ. ಆದರೆ ಹಾಡು ಶುರುವಾದದ್ದೇ ತಡ, ಕುರ್ಚಿಗಳು ನಡುಗಿದವು.

"ಆ ಗಿಟಾರಿನವರು ಯಾರು ರೀ?" ಎಂದು ಅವಳು ಅವನ ಕಿವಿಯಲ್ಲಿ ಕೂಗಿದಳು.

"ಆಗ ಗಡ್ಡ ಇತ್ತು. ಗುರುತು ಸಿಗ್ತಿಲ್ಲ."

"ಹಾಡ್ತಿರೋರು?"

"ಸುಮ್ನೆ ಹಾಡು ಕೇಳೇ!"

ಇವರು ಆ ಬ್ಯಾಂಡಿನ ಮುಖವನ್ನೇ ನೋಡಿಲ್ಲವೇನೋ ಎಂದುಕೊಂಡಳು. ಮರುಕ್ಷಣ, ಛೆ, ಕಟ್ಟಿಕೊಂಡ ಗಂಡನನ್ನು ಕಳ್ಳನ ಹಾಗೆ ನೋಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಕಣ್ಣು ಅವನನ್ನು ಬಿಟ್ಟು ಕದಲಲಿಲ್ಲ.

ಅಷ್ಟರಲ್ಲಿ ಯಾವುದೋ ಹಳೆಯ ಹಾಡು ಎತ್ತಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ಹಾಕತೊಡಗಿದರು. ಗಂಡನ ಕೈಗಳು ತಾವಾಗಿಯೇ ಅವನ ತೊಡೆಯ ಮೇಲೆ ಬಡಿಯತೊಡಗಿದವು. ಡ್ರಮ್ ಎಲ್ಲಿ ನಿಲ್ಲುತ್ತದೋ ಅಲ್ಲಿ ಅವನೂ ಕೈಯೆತ್ತುತ್ತಿದ್ದ, ಎಲ್ಲಿ ತಿರುಗುತ್ತದೋ ಅಲ್ಲಿ ಅವನೂ ತಿರುಗುತ್ತಿದ್ದ. ಕದ್ದು ಕಲಿತ ಕೈಯಲ್ಲ ಅದು. ಹಾಗಾದರೆ ನಿಜವಾಗಿ ಬಾರಿಸಿದ್ದಾರೆ! ಅವಳ ಎದೆ ಹಗುರಾಯಿತು. ಹೋಗಲಿ, ಅಂಗಡಿ ಬಿಟ್ಟರಾಯಿತು ಎಂದುಕೊಂಡಳು.

ಆದರೆ ಹೊಲಿಗೆ ಮೆಷಿನ್ನು ತುಳಿದು ಪಳಗಿದ ಅವಳ ಕಾಲು ಬೇರೇನೋ ಹೇಳುತ್ತಿತ್ತು. ಗಂಡನ ಪೆಟ್ಟು ಪ್ರತಿ ಸಲವೂ ಒಂದು ಎಳೆ ಮೊದಲೇ ಬೀಳುತ್ತಿತ್ತು. ರಸ್ತೆಯಲ್ಲಿ ಅವಳನ್ನು ಹಿಂದೆ ಬಿಟ್ಟು ದಾಪುಗಾಲು ಹಾಕುತ್ತಾನಲ್ಲ, ಹಾಗೆ.

ಹಾಡು ಮುಗಿಯಿತು. ಹಾಡುಗಾರ ನೀರು ಕುಡಿದು ಮೈಕಿಗೆ ಬಾಯಿ ಹಚ್ಚಿದ.

"ಇದಕ್ಕೆ ಮೊದಮೊದಲು ಬಾರಿಸ್ತಿದ್ದವನು ಲಿಫ್ಟ್ ರಿಪೇರಿ ಹುಡುಗ. ಚಿನ್ನದಂಥ ಹುಡುಗ. ಆದ್ರೆ ನಾವು ಹಾಡಿನ ಅರ್ಧದಲ್ಲಿರೋವಾಗ ಅವನು ಪೂರ್ತಿ ಮುಗಿಸಿ ನಮಗೋಸ್ಕರ ಕಾಯ್ತಾ ಕೂತಿರ್ತಿದ್ದ! ಏನು ಮಾಡೋದು, ಬೇಜಾರಲ್ಲೇ ತೆಗೆದುಹಾಕಿದ್ವಿ. ಎಷ್ಟೋ ತಿಂಗಳಾದ ಮೇಲೆ ಹುಡುಗಿ ನೋಡೋಕೆ ಹೋಗಿದ್ದಾನೆ ಅಂತ ಕೇಳಿದ್ವಿ. ಅದಕ್ಕೂ ಮುಹೂರ್ತಕ್ಕಿಂತ ಮೊದಲೇ ಹೋಗಿ ಕೂತಿದ್ನೋ ಏನೋ!"

ಇಡೀ ಸಭಾಂಗಣ ಗೊಳ್ಳೆಂದಿತು. ಗಂಡನ ಕೈಗಳು ತೊಡೆಯ ಮೇಲೆ ಸತ್ತ ಹಾಗೆ ಬಿದ್ದಿದ್ದವು.

ಕಾರ್ಯಕ್ರಮ ಮುಗಿದ ಕೂಡಲೇ ಅವನು ಜನರನ್ನು ಸರಿಸಿಕೊಂಡು ಹೊರಟೇಬಿಟ್ಟ. ಯಾವಾಗಲೂ ಅವನ ಹಿಂದೆ ಓಡುತ್ತಿದ್ದವಳು ಇಂದು ಓಡಲಿಲ್ಲ. ತನ್ನ ಪಾಡಿಗೆ ನಡೆದು ಗೇಟಿನ ಹತ್ತಿರ ಬಂದಾಗ ಅವನು ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ನಿಮ್ಮಪ್ಪನ ಮುಂದೆ, ತೆಗೆದುಹಾಕಿದ್ರು ಅಂತ ಹೇಳೋಕಾಗುತ್ತೇನೇ? ಆಮೇಲೆ ನಿನಗೆ ಹೇಳೋಣ ಅಂದ್ರೆ... ಸಮಯ ಕೂಡಿಬರಲಿಲ್ಲ."

"ಎಲ್ಲದಕ್ಕೂ ಮುಂಚೆ ಓಡೋರು, ಇದೊಂದಕ್ಕೆ ಮೂವತ್ತು ವರ್ಷ ತಡ ಮಾಡಿದ್ರಿ," ಎಂದಳು ಅವಳು. "ನಾಳೆ ಓನರಿಗೆ ಹೇಳ್ತೀನಿ, ಅಂಗಡಿ ಬಿಡಲ್ಲ ಅಂತ."

ಅವನು ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ಅಣ್ಣನಿಗೆ ಏನಂತ ಹೇಳ್ಲಿ?"

"ಮಂಡಿನೋವು ಅನ್ನಿ."

ಬಸ್ ಸ್ಟಾಪಿನ ಕಡೆ ಹೊರಟರು. ಅವನು ಈಗ ಅವಳ ಪಕ್ಕದಲ್ಲೇ ಕುಂಟುತ್ತ ನಡೆಯುತ್ತಿದ್ದ. "ಈಗ ನಿಜವಾಗ್ಲೂ ನೋಯ್ತಿದೆ ಕಣೇ," ಎಂದ.

ಅವಳು ಬಗ್ಗಿ ಅವನ ಕಾಲು ನೋಡಿದಳು. "ಬೆಳಿಗ್ಗೆ ಎಡಗಾಲು ಅಂದಿದ್ರಿ."