ಎರಡು ಡಿಸ್ಕಿಗೆ ಒಂದೇ ಹೆಸರು

ಕುಲಗೋಡದ ಸಿದ್ರಾಯನ ಮನೆಯಲ್ಲಿ ಹೆಸರಿಲ್ಲದ ವಸ್ತು ಇರಲಿಲ್ಲ, ಬೇರೆ ಹೆಸರಿನ ವಸ್ತುವೂ ಇರಲಿಲ್ಲ. ಟ್ರ್ಯಾಕ್ಟರಿನ ಹಣೆ, ನೀರಿನ ಟಾಕಿ, ಕುರಿ ಕೂಡುವ ಶೆಡ್ಡಿನ ಬಾಗಿಲು, ಎಲ್ಲದರ ಮೇಲೂ ‘ಶ್ರೀ ಬೀರೇಶ್ವರ’. ಪಡಸಾಲೆಯ ಹಳೆಯ ಕಂಪ್ಯೂಟರಿನಲ್ಲಿ ಹಾಡು ತುಂಬಿಟ್ಟ ಡ್ರೈವಿಗೂ ಅದೇ ಹೆಸರು.

ಹಾಡುಗಳು ಸಿದ್ರಾಯನ ತಮ್ಮ ಮಾಳಪ್ಪನವು. ಡೊಳ್ಳಿನ ಪದ ಹಾಡುತ್ತಿದ್ದ ಮಾಳಪ್ಪ ಹೋದ ವರ್ಷ ತೀರಿಕೊಂಡ. ಅವನ ಧ್ವನಿ ಆ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಈಚೆಗೆ ಡಿಸ್ಕು ಕಟಕಟ ಹಲ್ಲು ಕಡಿಯತೊಡಗಿದ್ದರಿಂದ ಮಾಳಪ್ಪನ ಮಗಳು ದೀಪಾ ಹೊಸದೊಂದನ್ನು ತಂದಳು. ಮೂಡಲಗಿಯ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳು. ತಾನೇ ಜೋಡಿಸುತ್ತೇನೆ ಎಂದಳು.

"ಪಾನಾ, ಸ್ಕ್ರೂಡ್ರೈವರ್ ಹಿಡಿಯೂದು ಹೆಣ್ಮಕ್ಕಳ ಕೆಲಸ ಅಲ್ಲವಾ," ಎಂದ ಸಿದ್ರಾಯ. "ಗೋಕಾಕದಿಂದ ಸೂರಜ ಬರ್ತಾನ."

ಸೂರಜ ಸಿದ್ರಾಯನ ಸೊಸೆಯ ತಮ್ಮ. ಅವನ ಅಂಗಡಿಯಲ್ಲಿ ನಡೆಯುತ್ತಿದ್ದದ್ದು ಮೊಬೈಲಿಗೆ ಗಾಜು ಅಂಟಿಸುವ ಕೆಲಸ; ಬೋರ್ಡಿನ ಮೇಲೆ ಮಾತ್ರ ‘ಕಂಪ್ಯೂಟರ್ ತಜ್ಞರು’, ಅದೂ ಬಹುವಚನದಲ್ಲಿ. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಬಂದ. ಅದರಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಪೆಟ್ಟಿಗೆ ಬಿಚ್ಚಿ ಹೊಸ ಡಿಸ್ಕನ್ನು ಒಳಗೆ ಬಿಗಿದ. ಕೇಬಲ್ ಉಲ್ಟಾ ಕೂಡದಂತೆ ಮಾಡಿದವರೇ ಮಾಡಿಟ್ಟಿದ್ದರಿಂದ ಅದು ಸರಿಯಾಗಿಯೇ ಕೂತಿತು. ಸಿದ್ರಾಯ ದೇವರ ಅರಿಷಿಣದ ಭಂಡಾರ ಒಂದು ಚಿಟಿಕೆ ತೂರಿದ. ಮದರ್‌ಬೋರ್ಡ್ ಹಳದಿಯಾಯಿತು.

"ಹೆಸರು ಇಡ ಮೊದಲ."

"ಇಟ್ಟೆರಿ ಮಾವಾರ." ಸೂರಜ ಹೊಸದಕ್ಕೂ ‘ಶ್ರೀ ಬೀರೇಶ್ವರ’ ಎಂದು ಒತ್ತಿದ.

"ಎರಡಕ್ಕೂ ಒಂದ ಹೆಸರಿಟ್ರ ಯಾವುದು ಯಾವುದಂತ ಹ್ಯಾಂಗ ತಿಳೀತೈತ್ರಿ?" ದೀಪಾ ಕೇಳಿದಳು.

"ದೇವರು ಒಬ್ಬನ ಅದಾನಲ್ಲ," ಎಂದ ಸಿದ್ರಾಯ.

"ನಮಗ ತಿಳೀತೈತ್ರಿ ಅಕ್ಕಾರ," ಎಂದ ಸೂರಜ. "ದಿನಾ ಇದ ಧಂದೆ ನಮ್ಮದು."

"ದಿನಾ ಗಾಜು ಅಂಟಸೂದಲ್ಲನ್ರಿ?"

"ದೀಪಾ, ಚಹಾ ಮಾಡ್ಹೋಗ," ಎಂದ ಸಿದ್ರಾಯ.

ಅವಳು ಒಲೆಯ ಮುಂದೆ ನಿಂತಿದ್ದಾಗ ಸೂರಜ ಒಂದು ಸಾಫ್ಟ್‌ವೇರ್ ತೆರೆದ. ಎಡಗಡೆ ಹೇಳಿದ ಡ್ರೈವಿನಲ್ಲಿ ಏನಿದೆಯೋ ಬಲಗಡೆಯದನ್ನೂ ಹಾಗೇ ಮಾಡುವುದು ಅದರ ಕೆಲಸ. ಎರಡೂ ಕಡೆ ಬೀರೇಶ್ವರನೇ ಇದ್ದ. ಹೆಸರಿನ ಬಾಜೂ ‘ಡಿ’ ಯಾವುದು, ‘ಇ’ ಯಾವುದು ಎಂದು ಸ್ಪಷ್ಟವಾಗಿ ಬರೆದಿತ್ತು. ಅಷ್ಟು ಓದುವವನಾಗಿದ್ದರೆ ಅವನು ಸೂರಜ ಆಗುತ್ತಿರಲಿಲ್ಲ. ಬಲಗಡೆಯದೆಲ್ಲ ಅಳಿಸಿಹೋಗುತ್ತದೆ ಎಂದು ಪರದೆ ಇಂಗ್ಲಿಷಿನಲ್ಲಿ ಎಚ್ಚರಿಸಿತು. ಸೂರಜ ‘ಯೆಸ್’ ಒತ್ತಿದ. ಇಂಗ್ಲಿಷಿನಲ್ಲಿ ಏನೇ ಕೇಳಿದರೂ ಅವನ ಉತ್ತರ ಅದೇ.

"ಆತ್ರಿ ಅಕ್ಕಾರ," ಎಂದ, ಚಹಾ ಬರುತ್ತಲೇ. "ಎರಡೂ ಪಕ್ಕಾ ಒಂದ ಸಮ."

ಅಪ್ಪನ ಇಡೀ ಆಯುಷ್ಯದ ಹಾಡು ಒಂದು ಚಹಾ ಕುದಿಯುವುದರೊಳಗೆ ನಕಲಾಗುವಂಥದ್ದಲ್ಲ. ದೀಪಾ ತಟ್ಟೆ ಕೆಳಗಿಟ್ಟು ಒಂದು ಡ್ರೈವ್ ತೆರೆದಳು. ಆಮೇಲೆ ಇನ್ನೊಂದು.

"ಖರೆ ಐತಿ," ಎಂದಳು. "ಎರಡೂ ಖಾಲಿ."

ಸಿದ್ರಾಯ ಪರದೆಯನ್ನೂ ಸೂರಜನನ್ನೂ ನೋಡಿದ. ಸೂರಜ ಇಯರ್‌ಫೋನ್ ತೆಗೆದು ಕಿಸೆಗೆ ಹಾಕಿಕೊಂಡ.

"ಗಾಬರಿ ಆಗಬ್ಯಾಡ್ರಿ. ರಿಕವರಿ ಸಾಫ್ಟ್‌ವೇರ್ ಐತಿ, ಈಗ ಇದರಾಗ ಇಳಸ್ತೀನಿ..."

"ಕೈ ತಗಿ," ಎಂದಳು ದೀಪಾ. ಅಲ್ಲಿಯತನಕ ಅವನಿಗೆ ಕೊಡುತ್ತಿದ್ದ ‘ರಿ’ ಅಲ್ಲಿಗೆ ಮುಗಿಯಿತು. "ಎದ್ದು ಆ ಕಡೆ ನಿಂದ್ರ."

ಗೋಡೆಯ ಸ್ವಿಚ್ ಆರಿಸಿದಳು. ಅಳಿಸಿದ ಹಾಡು, ಅದರ ಮೇಲೆ ಹೊಸದೇನನ್ನೂ ಬರೆಯದ ತನಕ, ಡಿಸ್ಕಿನಲ್ಲಿ ಉಳಿದಿರುತ್ತದೆ. ಇದು ಗೊತ್ತಿಲ್ಲದ ತಜ್ಞರು ಉಳಿದದ್ದನ್ನೂ ಮಣ್ಣು ಮಾಡುತ್ತಿದ್ದರು. ಎರಡೂ ಡಿಸ್ಕನ್ನು ತಾನೇ ಬಿಚ್ಚಿ, ಹಳೆಯದರ ಮೇಲೆ ಮಾರ್ಕರಿನಿಂದ ‘ಅಪ್ಪ’ ಎಂದು ಬರೆದಳು. ಹೊಸದರ ಮೇಲೆ ಬರೆದದ್ದು ಸಿದ್ರಾಯನಿಗೆ ಕಾಣಲಿಲ್ಲ.

"ಇದಕ್ಕೇನ ಹೆಸರಿಟ್ಟಿ?"

"ಸೂರಜ."

"ಅವನ ಹೆಸರು ಯಾಕ?"

"ಒಳಗ ಏನೂ ಇಲ್ಲಲ್ಲ ದೊಡ್ಡಪ್ಪ."

ಯಮಕನಮರಡಿಯಲ್ಲಿ ಫೋಟೋ ಸ್ಟುಡಿಯೋ ನಡೆಸುವ ಗೆಳತಿ ವಿದ್ಯಾ ಹಳೆಯ ಡಿಸ್ಕನ್ನು ತನ್ನ ಯಂತ್ರಕ್ಕೆ ಹಚ್ಚಿ, ಸಿಕ್ಕ ಹಾಡುಗಳನ್ನೆಲ್ಲ ಹೊಸದಕ್ಕೆ ಇಳಿಸಿಕೊಟ್ಟಳು. ಕೆಲವು ಅರ್ಧಕ್ಕೇ ತುಂಡಾಗಿದ್ದವು. ಯಾವ ಹಾಡಿಗೂ ಹೆಸರು ಉಳಿದಿರಲಿಲ್ಲ, ಬರೀ ನಂಬರು. ಒಂದೊಂದನ್ನೂ ಕೇಳಿಯೇ ಗುರುತಿಸಬೇಕಿತ್ತು.

ದೀಪಾ ಡಿಸ್ಕ್ ಜೋಡಿಸಿ ಮೊದಲನೆಯದನ್ನು ಹಚ್ಚಿದಳು. ಹೆಸರಿಡುವುದು ತನ್ನ ಹಕ್ಕೆಂಬಂತೆ ಸಿದ್ರಾಯ ಮುಂದೆಯೇ ಕೂತ. ಡೊಳ್ಳಿನ ಮೇಲೆ ಯಾರೋ ಬೆರಳಾಡಿಸಿದರು. ಮಾಳಪ್ಪ ಕೆಮ್ಮಿದ. ಹಾಡು ಶುರುವಾಗಲಿಲ್ಲ, ಅವನ ಮಾತು ಕೇಳಿಸಿತು:

"ಅಣ್ಣಾ, ತಿಳೀದ್ದರಾಗ ಬಾಯಿ ಹಾಕಬ್ಯಾಡ. ಸುಮ್ನ ಕುಂದ್ರ."

ಸಿದ್ರಾಯ ಮುಖ ತಿರುಗಿಸಿದ. "ಮುಂದ ಓಡಸ."

ದೀಪಾ ಹಿಂದಕ್ಕೆ ಎಳೆದು, ಮೊದಲಿನಿಂದ ಹಚ್ಚಿದಳು.