ಸಂಗಣ್ಣನ ಸೊನ್ನೆ

"ಈ ಕಾಸು ನಿಲ್ತಾನೇ ಇಲ್ಲ ಕಣಕ್ಕ, ಜಾರಿ ಜಾರಿ ಬೀಳ್ತೈತೆ," ಎಂದಳು ಪಕ್ಕದ ಮನೆಯ ವೆಂಕಟಮ್ಮ. ನಲ್ಲಪ್ಪನ ಹಣೆಯಿಂದ ಮೂರನೆಯ ಸಲ ಉರುಳಿದ ಒಂದು ರೂಪಾಯಿಯನ್ನು ಅವಳು ಚಾಪೆಯ ಮೇಲೆ ತಡಕಾಡುತ್ತಿದ್ದಳು. "ಈಗಿನ ಕಾಸೆಲ್ಲ ಹಪ್ಪಳ ಇದ್ದಂಗೆ. ಹಳೇ ಕಾಲದ್ದು ದಪ್ಪ ರೂಪಾಯಿ ಯಾರತ್ರಾನಾದ್ರೂ ಐತಾ ನೋಡ್ರಪ್ಪ."

ಶಾಮಿಯಾನದ ಕೆಳಗೆ ನಿಂತಿದ್ದವರು ಜೇಬು ಮುಟ್ಟಿ ನೋಡಿಕೊಂಡರು. ಯಾರ ಬಳಿಯೂ ಇರಲಿಲ್ಲ.

ನಲ್ಲಪ್ಪನಿಗೆ ಅರವತ್ತೆಂಟು. ಪೀಣ್ಯದ ಎರಕದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಮರದ ಅಚ್ಚು ಮಾಡಿದವನು. ನಿನ್ನೆ ಬೆಳಿಗ್ಗೆ ಕಾಫಿ ಕುಡಿದು, ಲೋಟ ಚೆನ್ನಾಗಿ ತೊಳೆದಿಟ್ಟು, "ಒಂದ್ ಗಳಿಗೆ ಒರಗ್ತೀನಿ" ಎಂದವನು ಮತ್ತೆ ಏಳಲಿಲ್ಲ. ಕಷ್ಟಪಡದೆ ಹೋದ ಎಂದು ಲಗ್ಗೆರೆಯ ಆ ಬೀದಿಯ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಅವನ ಹೆಂಡತಿ ರಾಮಕ್ಕ ತಲೆಯ ಬಳಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಬಾಯಿಗೆ ಹಾಕುವ ಅಕ್ಕಿ. ಬೆಳಿಗ್ಗೆಯಿಂದ ಆ ತಟ್ಟೆಯನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ.

"ಅಮ್ಮ, ಹನ್ನೆರಡಾಯ್ತು," ಎಂದು ಮಗ ರಾಜೇಂದ್ರ ಬಗ್ಗಿ ಕಿವಿಯಲ್ಲಿ ಹೇಳಿದ. "ಗುಂಡಿ ತೆಗ್ದಿರೋರು ಫೋನ್ ಮೇಲೆ ಫೋನ್ ಮಾಡ್ತಾವ್ರೆ. ಇನ್ನೂ ಯಾರಿಗೆ ಕಾಯ್ತಿದ್ದೀಯ?"

"ಸಂಗಣ್ಣಂಗೆ ಯೋಳಿ ಕಳ್ಸಿದ್ಯಾ?"

"ಸಂಗಣ್ಣಂಗಾ? ಒಂಬತ್ತು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಅವರ ಬೀದೀಲಿ ನೀನೇ ಕಾಲಿಕ್ಕಲ್ಲ. ಈಗ ಕರೆದ್ರೆ ಏನ್ ಚೆನ್ನಾಗಿರುತ್ತೆ?"

"ಚೆನ್ನಾಗಿರ್ಲಿ ಬಿಡ್ಲಿ, ಹೋಗಿ ಕರ್ಕೊಂಡ್ ಬಾ. ಅವ್ರು ಬರೋಗಂಟ ನಾನು ಬಾಯಿಗಕ್ಕಿ ಹಾಕಾಕಿಲ್ಲ."

ರಾಜೇಂದ್ರ ಬೈಕಿನ ಕೀಲಿ ಹುಡುಕುತ್ತ ಹೋದ. ಪಟ್ಟು ಹಿಡಿದರೆ ಅಮ್ಮ ಎಂಥವಳು ಎಂದು ಅವನಿಗೆ ಗೊತ್ತು. ಯಾಕೆ ಹಿಡಿದಿದ್ದಾಳೆಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ರಾಮಕ್ಕನ ಎದೆಯಲ್ಲಿ ಒಂದು ಮಾತು ಒಂಬತ್ತು ವರ್ಷದಿಂದ ಸಿಕ್ಕಿಕೊಂಡಿತ್ತು. ಗಂಡನಿಗೆ ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ ಎಂದು ಮುಂದಕ್ಕೆ ಹಾಕುತ್ತಲೇ ಬಂದಿದ್ದಳು. ಆ ಮಾತನ್ನು ಕೇಳಬೇಕಾದವರು ಇಬ್ಬರೇ. ಒಬ್ಬ ನಿನ್ನೆ ಹೊರಟುಹೋದ. ಈ ಹೆಣ ಮನೆಯಲ್ಲಿರುವಾಗಲೇ ಇನ್ನೊಬ್ಬನಿಗಾದರೂ ಹೇಳದಿದ್ದರೆ, ಅಕ್ಕಿ ಹಾಕಲು ತನ್ನ ಕೈ ಏಳುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

"ಭಜನೆಯೋರು ಒಬ್ರೂ ಬರ್ನಿಲ್ವಲ್ಲ ವೆಂಕಟಮ್ಮ?" ಎಂದಳು. "ಒಂದ್ ಭಾನುವಾರಾನೂ ಭಜನೆಗೋಗೋದು ತಪ್ಪಿಸ್ದೋರಲ್ಲ ಇವ್ರು."

ವೆಂಕಟಮ್ಮ ಸರಿಯಾಗಿಯೇ ಇದ್ದ ಹೂವಿನ ಹಾರವನ್ನು ಮತ್ತೆ ಸರಿಮಾಡತೊಡಗಿದಳು.

*

ದಪ್ಪ ರೂಪಾಯಿ ಅಂದಾಗಲೇ ರಾಮಕ್ಕನಿಗೆ ಆ ಕಾಸು ನೆನಪಾಗಿತ್ತು.

ಎರಡು ಸಾವಿರದ ನಾಲ್ಕನೇ ಇಸವಿ. ಮರದ ಗೊಂಬೆ ಮಾಡುತ್ತಿದ್ದ ಸಣ್ಣ ಕಾರ್ಖಾನೆಯೊಂದು ಬಾಗಿಲು ಹಾಕಿ, ಅದರ ಮಿಷಿನ್ನುಗಳೆಲ್ಲ ಪೀಣ್ಯದ ಗುಜರಿ ಮುನಿಯಣ್ಣನ ಶೆಡ್ಡಿಗೆ ಬಂದಿದ್ದವು. ನಲ್ಲಪ್ಪನ ಕಣ್ಣು ಅಲ್ಲಿದ್ದ ಸ್ಕ್ರೋಲ್ ಸಾ ಮೇಲೆ. ನೋಡಲು ಹೊಲಿಗೆ ಮಿಷಿನ್ನಿನ ಹಾಗೆಯೇ. ಮೇಲೆ ಉದ್ದನೆಯ ಕೈ, ಸೂಜಿ ಇರಬೇಕಾದ ಜಾಗದಲ್ಲಿ ದಾರದಷ್ಟು ಸಣ್ಣ ಗರಗಸ. ಅದು ಮೇಲೆ ಕೆಳಗೆ ಆಡುತ್ತದೆ. ಹಲಗೆಯನ್ನು ತಿರುಗಿಸಿದ ಹಾಗೆ ನವಿಲು, ಬಳ್ಳಿ, ಅಕ್ಷರ, ಬೇಕಾದ್ದು ಕತ್ತರಿಸಿ ಬರುತ್ತದೆ. ಹೊಸದನ್ನು ಕೊಳ್ಳುವ ಮಾತು ದೂರ. ಹಾಗಾಗಿ ಹಳೆಯದನ್ನು ನೋಡಲು ಹೊರಟಿದ್ದ. ಗಂಡ ಮೋಸ ಹೋದಾನು ಎಂದು ರಾಮಕ್ಕ ಜೊತೆಗೆ. ಹೊತ್ತು ತರಲು ಗಾರೆ ಕೆಲಸದ ಸಂಗಣ್ಣ. ಸಂಗಣ್ಣ ಮುದ್ದೇಬಿಹಾಳದ ಕಡೆಯವನು. ಹೆಂಡತಿ ಸುಮಂಗಲಾಳ ಜೊತೆ ಇವರ ಹಿಂದಿನ ರೂಮಿಗೆ ಬಾಡಿಗೆಗೆ ಬಂದವನು, ವರ್ಷ ತುಂಬುವುದರೊಳಗೆ ಮನೆಯವನೇ ಆಗಿಬಿಟ್ಟಿದ್ದ.

"ಹೊಸದರಂಗೇ ಐತೆ ಸಾರ್, ಪೇಂಟ್ ನೋಡಿ!" ಎಂದ ಮುನಿಯಣ್ಣ.

"ಪೇಂಟ್ ಯಾರಿಗ್ ಬೇಕು? ಕರೆಂಟ್ ಕೊಡು," ಎಂದು ನಲ್ಲಪ್ಪ ಜೇಬಿನಿಂದ ಹಳೆಯ ದಪ್ಪ ರೂಪಾಯಿಯೊಂದನ್ನು ತೆಗೆದು, ಮಿಷಿನ್ನಿನ ಕಬ್ಬಿಣದ ತಟ್ಟೆಯ ಮೇಲೆ ಅಂಚೂರಿ ನೆಟ್ಟಗೆ ನಿಲ್ಲಿಸಿದ. ಸ್ವಿಚ್ಚು ಹಾಕಿದ ಕೂಡಲೇ ರೂಪಾಯಿ ಕುಣಿದು ಬಿದ್ದುಹೋಯಿತು. ಎರಡನೆಯ ಮಿಷಿನ್ನಿನಲ್ಲೂ ಬಿತ್ತು.

"ಇದೇನ್ರೀ, ತಂತ್ರ ಮಂತ್ರ?" ಎಂದಳು ರಾಮಕ್ಕ.

"ಮಿಷಿನ್ ನಡುಗಿದ್ರೆ ಗೆರೆ ನಡುಗುತ್ತೆ ಕಣೆ. ಗೆರೆ ನಡುಗಿದ್ರೆ ಅಕ್ಷರ ಕುಡಿದೋನ ಥರ ಕಾಣುತ್ತೆ."

ಮೂರನೆಯದರ ಬಣ್ಣವೆಲ್ಲ ಎದ್ದುಹೋಗಿತ್ತು. ಅದು ಗುರ್ ಎಂದು ಓಡತೊಡಗಿತು. ರೂಪಾಯಿ ಅಲುಗದೆ ನಿಂತೇ ಇತ್ತು. ಸಂಗಣ್ಣ ಕೈ ಮುಗಿದುಬಿಟ್ಟ. "ಯಣ್ಣಾ, ನಮ್ಮೂರ ದೇವ್ರ ಪಲ್ಲಕ್ಕಿನೂ ಇಷ್ಟು ಗಟ್ಟಿ ನಿಂದ್ರಂಗಿಲ್ಲ!"

ಖುಷಿಗೆ ನಲ್ಲಪ್ಪ ಆ ರೂಪಾಯಿಯನ್ನೇ ಗರಗಸಕ್ಕೆ ಒಂದು ಕ್ಷಣ ತಾಗಿಸಿ, ಅಂಚಿನಲ್ಲಿ ಪುಟ್ಟದೊಂದು ಕಚ್ಚು ಮಾಡಿದ. ಬ್ಲೇಡು ಪಟ್ ಎಂದು ತುಂಡಾಯಿತು. ಮುನಿಯಣ್ಣ ಬೈದ. ಮೂವರೂ ನಗುತ್ತ ಮನೆಗೆ ಬಂದರು.

ಆಮೇಲೆ ಬೀದಿಯ ಮನೆಮನೆಗೂ ನಲ್ಲಪ್ಪ ಕುಯ್ದ ಹೆಸರಿನ ಹಲಗೆಗಳು ಏರಿದವು. ಮಿಷಿನ್ನು ಒಂದಿದ್ದದ್ದು ಮೂರಾಯಿತು. ಒಂದು ಮಂಚದ ಕೆಳಗೆ, ಒಂದು ಅಡುಗೆಮನೆಯಲ್ಲಿ, ಒಂದು ದೇವರ ಪಟದ ಕೆಳಗೆ. "ಇನ್ನೊಂದು ಗರಗಸ ಈ ಹೊಸ್ತಿಲು ದಾಟಿ ಒಳಗೆ ಬಂದ್ರೆ, ನಾನು ಅದೇ ಹೊಸ್ತಿಲು ದಾಟಿ ಆಚೆಗೋಯ್ತೀನಿ," ಎಂದು ರಾಮಕ್ಕ ಹೇಳಿದಳು. ನಲ್ಲಪ್ಪ ತಲೆಯಾಡಿಸಿದ.

*

ಎರಡು ವರ್ಷದ ನಂತರ ಸಂಗಣ್ಣ ಹಿಂದಿನ ಬೀದಿಯಲ್ಲೇ ಸಣ್ಣದೊಂದು ಸ್ವಂತ ಮನೆ ಎಬ್ಬಿಸಿದ. ಇಟ್ಟಿಗೆ ಇಟ್ಟಿಗೆಯೂ ಅವನೇ ಇಟ್ಟದ್ದು. ಹೆಸರಿನ ಹಲಗೆ ನಲ್ಲಪ್ಪನದೇ ಆಗಬೇಕಲ್ಲ. ತೇಗದಲ್ಲಿ 'ಸಂಗಣ್ಣ ನಿಲಯ' ಎಂದು ಕುಯ್ದ.

"ಇಂಗ್ಲಿಷ್ ಅಕ್ಷರಕ್ಕೆ ತಾಪತ್ರಯ ಇಲ್ಲ ಕಣೆ," ಎಂದು ಅವನು ಕುಯ್ಯುವಾಗಲೆಲ್ಲ ಹೇಳುತ್ತಿದ್ದ. "ನಮ್ಮ ಕನ್ನಡ ಹಂಗಲ್ಲ. ಒತ್ತು ಕೆಳಗೆ ಜೋತಾಡುತ್ತೆ. ಸೊನ್ನೆ ಪಾಪ, ಒಂಟಿ. ಬೆಂಕಿಕಡ್ಡಿಯಷ್ಟು ಮರ ಬಿಟ್ಟು ಪಕ್ಕದ ಅಕ್ಷರಕ್ಕೆ ನಂಟು ಮಾಡ್ಬೇಕು. ಇಲ್ದಿದ್ರೆ ಉದುರಿ ಹೋಗುತ್ತೆ."

ಗೃಹಪ್ರವೇಶದ ಬೆಳಿಗ್ಗೆ ನಲ್ಲಪ್ಪ ಸ್ನಾನಕ್ಕೆ ಹೋಗಿದ್ದ. ಹಲಗೆ ಮಿಂಚಲಿ ಎಂದು ರಾಮಕ್ಕ ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಒರೆಸಿದಳು. ಬಟ್ಟೆಯ ಎಳೆ ಸಿಕ್ಕಿಕೊಂಡು, ಬೆಂಕಿಕಡ್ಡಿಯಷ್ಟಿದ್ದ ಆ ನಂಟು ಮುರಿದು, ಸೊನ್ನೆ ಕೈಗೆ ಬಂತು. ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ಅಂಟಿನ ಡಬ್ಬಿ ಯಾವುದೋ ಅವಳಿಗೆ ತಿಳಿಯದು. ಎದುರಿಗೆ ತಿಂಡಿಯ ಬೋಸಿ ಇತ್ತು. ಒಂದು ಚಿಟಿಕೆ ಅನ್ನ ಹಿಸುಕಿ, ಸೊನ್ನೆಯನ್ನು ಅಂಟಿಸಿ, ಹಲಗೆಯನ್ನು ಪೇಪರಿನಲ್ಲಿ ಸುತ್ತಿಟ್ಟಳು.

ಅಲ್ಲಿ ಹಲಗೆಯನ್ನು ಬಾಗಿಲ ಮೇಲೆ ಇಟ್ಟು ಮೊಳೆಗೆ ಸುತ್ತಿಗೆ ಹಾಕಿದ್ದೇ ತಡ, ಸೊನ್ನೆ ಟಪ್ಪೆಂದು ಸುಮಂಗಲಾಳ ಆರತಿ ತಟ್ಟೆಗೆ ಬಿತ್ತು. ನೆರೆದವರಲ್ಲಿ ಯಾರೋ ಜೋರಾಗಿ ಓದಿದರು: "ಸಗಣ್ಣ ನಿಲಯ!" ಮನೆಯೆಲ್ಲ ನಕ್ಕಿತು. ಊರಿಂದ ಬಂದಿದ್ದ ಬೀಗರಂತೂ ಹೊಟ್ಟೆ ಹಿಡಿದುಕೊಂಡರು.

"ಮಂದಿ ಮುಂದ ನನ್ನ ಹೆಸರಿಗೆ ಸಗಣಿ ಬಳದಿಯಲ್ಲೋ ಯಣ್ಣಾ," ಎಂದ ಸಂಗಣ್ಣ. ಅವನ ಕಣ್ಣು ತುಂಬಿತ್ತು.

ನಲ್ಲಪ್ಪ ಹಲಗೆಯನ್ನೊಮ್ಮೆ, ನೆಲವನ್ನೊಮ್ಮೆ ನೋಡಿದ. "ನಂಟು ಸಣ್ಣ ಬಿಟ್ಬಿಟ್ಟೆ. ತಪ್ಪು ನಂದೇ," ಎಂದ. ಊಟ ಮಾಡದೆ ಬಂದರು. "ಆ ಮನೆ ಕಡೆ ಇನ್ನು ಹೋಗ್ಬೇಡ," ಎಂದದ್ದು ಬಿಟ್ಟರೆ ಮತ್ತೆ ಆ ಮಾತೆತ್ತಲಿಲ್ಲ. ಅಂದಿನಿಂದ ರಾಮಕ್ಕ ತರಕಾರಿಗೂ ಸುತ್ತಿನ ದಾರಿ ಹಿಡಿದಳು. ರಿಟೈರಾದ ಮೇಲೆ ನಲ್ಲಪ್ಪ ಭಾನುವಾರ ಭಜನೆಗೆ ಹೋಗತೊಡಗಿದ. ನನ್ನಿಂದ ಇದ್ದೊಬ್ಬ ಗೆಳೆಯನನ್ನು ಕಳೆದುಕೊಂಡ, ದೇವರೇ ಗತಿಯಾದ ಎಂದು ಅವಳು ಒಳಗೊಳಗೇ ಬೆಂದಳು.

*

ರಾಜೇಂದ್ರನ ಬೈಕಿಗಿಂತ ಮೊದಲೇ ಸಂಗಣ್ಣ ಓಡಿ ಬಂದ. ಕೆಲಸದ ಅಂಗಿಯಲ್ಲೇ ಇದ್ದ, ಮೊಣಕೈವರೆಗೆ ಸಿಮೆಂಟು. "ಸೈಟಿನ್ಯಾಗ ಫೋನ್ ಹತ್ತಿರಲಿಲ್ಲ, ಈಗ ಸುದ್ದಿ ಸಿಕ್ತು," ಎಂದು ಯಾರಿಗೆಂದಿಲ್ಲದೆ ಹೇಳಿ, ಚಪ್ಪಲಿ ಬಿಟ್ಟು, ನೇರ ತಲೆಯ ಬಳಿಗೆ ಹೋಗಿ ಕೂತ. ಬರಿಯ ಹಣೆ ನೋಡಿದ. ಒಳಜೇಬಿನಿಂದ ಏನೋ ತೆಗೆದು, ಹಣೆಯ ನಡುವೆ ಹೆಬ್ಬೆರಳಿನಿಂದ ಒತ್ತಿಟ್ಟ.

ರಾಮಕ್ಕ ಅದನ್ನು ನೋಡಲಿಲ್ಲ. ಅವಳ ಕಣ್ಣು ಅಕ್ಕಿಯ ತಟ್ಟೆಯಲ್ಲಿತ್ತು.

"ಸಂಗಣ್ಣ, ಒಂದ್ ಮಾತು. ಎಲ್ಲಾರೂ ಕೇಳ್ಲಿ. ಆವತ್ತು ನಿಮ್ಮ ಸೊನ್ನೆ ಮುರ್ದಿದ್ದು ನಾನು. ಒರೆಸೋಕೋಗಿ ಮುರ್ದೆ. ಅನ್ನ ಹಚ್ಚಿ ಅಂಟಿಸ್ದೆ. ಇವ್ರದೇನೂ ತಪ್ಪಿಲ್ಲ. ಇವ್ರ ಮ್ಯಾಲೆ ಕ್ವಾಪ ಇಟ್ಕೊಂಡು ಕಳಿಸ್ಬೇಡಿ."



"ಗೊತ್ತೈತಿ ವೈನಿ," ಎಂದ ಸಂಗಣ್ಣ ಮೆಲ್ಲಗೆ.

"ಏನ್ ಗೊತ್ತು?"

"ಸೊನ್ನಿ ಹಿಂದ ಅನ್ನ ಒಣಗಿತ್ತು. ಅದ್ರಾಗ ಒಂದು ಸಾಸಿವಿ ಕಾಳೂ ಇತ್ತು. ಯಾವ ಬಡಿಗ್ಯಾ ಚಿತ್ರಾನ್ನದಾಗ ಅಂಟಸ್ತಾನ್ರೀ? ಎಂಟು ದಿನಕ್ಕ ಸಿಟ್ಟು ಇಳೀತು. ಕಾರ್ಖಾನಿ ಗೇಟಿಗೆ ಒಯ್ದು ಅಣ್ಣಗ ತೋರ್ಸಿದ್ನಿ. ಚಾದಂಗಡ್ಯಾಗ ಕುಂತು ಇಬ್ರೂ ನಕ್ಕಿದ್ದೇ ನಕ್ಕಿದ್ದು."

"ಇವ್ರಿಗೂ ಗೊತ್ತಿತ್ತಾ?"

"'ಆಕಿಗೆ ಹೇಳಬ್ಯಾಡ, ನಾಚ್ಕೊಂಡು ಮಾರಿ ಎತ್ತಂಗಿಲ್ಲ' ಅಂದ."

"ಮತ್ತೆ ನೀವಿಬ್ರೂ ಮಾತಾಡ್ತಿರ್ಲಿಲ್ವಲ್ಲ?"

ಸಂಗಣ್ಣ ಹಣೆಯ ರೂಪಾಯಿಯ ಕಡೆ ನೋಡಿದ. ರಾಮಕ್ಕನೂ ನೋಡಿದಳು. ಹಳೆಯ ದಪ್ಪ ರೂಪಾಯಿ. ಅಂಚಿನಲ್ಲಿ ಪುಟ್ಟ ಕಚ್ಚು.

"ಈ ಕಾಸು ಉಂಡಿಗೆ ಹಾಕ್ದೆ ಅಂದಿದ್ರು! ಭಜನೆ ಗುಡಿ ಉಂಡಿಗೆ!"

"ಯಾ ಗುಡಿ ವೈನಿ..." ಸಂಗಣ್ಣ ತಲೆ ಕೆರೆದುಕೊಂಡ. "ಭಾನುವಾರ ಬಂತಂದ್ರ ಪೀಣ್ಯ, ಅದಿಲ್ಲಂದ್ರ ಆನೇಕಲ್ ತನಕ. ಎಲ್ಲೆರ ಹಳೀ ಮಿಷಿನ್ ಮಾರಾಕ ಐತಿ ಅಂದ್ರ ಸಾಕು, ರೂಪಾಯಿ ನಿಂದ್ರಿಸಿ ನೋಡ್ತಿದ್ವಿ. ನಿಮ್ಮ ಹೊಸ್ತಲಾ ದಾಟ್ಸಂಗಿಲ್ಲ ಅಂದಿದ್ರಲ್ಲ? ಎಲ್ಲಾ ನಮ್ಮ ಮಾಳಗಿ ಮ್ಯಾಲೆ ಅದಾವ. 'ಜಗಳ ಹಂಗೇ ಇರ್ಲಿ ಸಂಗಣ್ಣ, ಇಲ್ಲಿಗ್ ಬರ್ತೀನಂತ ಆಕಿಗೆ ಅನುಮಾನ ಬರಂಗಿಲ್ಲ' ಅಂತಿದ್ದ."

"ಎಷ್ಟಿದಾವೆ ಅಂಕಲ್?" ಎಂದ ಅಷ್ಟರಲ್ಲಿ ಹಿಂತಿರುಗಿದ್ದ ರಾಜೇಂದ್ರ.

"ಹನ್ನೊಂದು."

ರಾಮಕ್ಕ ವೆಂಕಟಮ್ಮನ ಕಡೆ ತಿರುಗಿದಳು. ವೆಂಕಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಬೀದಿಗೆಲ್ಲ ಗೊತ್ತಿತ್ತು ಕಣಕ್ಕ. ನಿಂಗೂ ರಾಜೇಂದ್ರಂಗೂ ಮಾತ್ರ ಗೊತ್ತಿರ್ನಿಲ್ಲ. ಯೋಳ್ಬೇಡಿ ಅಂತ ನಲ್ಲಣ್ಣ ಎಲ್ಲಾರ ಕೈಲೂ ಆಣೆ ಮಾಡಿಸ್ಕೊಂಡಿತ್ತು."

ರಾಮಕ್ಕನ ಭುಜ ಅಲುಗತೊಡಗಿತು. ಅಳು ಈಗ ಕಟ್ಟೆಯೊಡೆಯಿತು ಎಂದು ಹೆಂಗಸರು ಹಿಡಿದುಕೊಳ್ಳಲು ಬಂದರು. ಅವಳು ನಗುತ್ತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. "ಕಳ್ಳ! ಅಂಗಿ ತುಂಬ ಮರದ ಪುಡಿ ಇರೋದು. ಕೇಳಿದ್ರೆ ಗುಡಿ ಬಾಗಿಲು ರಿಪೇರಿ ಅನ್ನೋದು. ನಾನು ಆ ಅಂಗೀನ ಭಕ್ತಿಯಿಂದ ಒಗೀತಿದ್ನಲ್ಲೇ ವೆಂಕಟಮ್ಮ!"

ನಗುತ್ತಲೇ ತಟ್ಟೆಗೆ ಕೈ ಹಾಕಿ, ಮೂರು ಸಲ ಅಕ್ಕಿಯನ್ನು ಗಂಡನ ತುಟಿಯ ಮೇಲೆ ಬಿಟ್ಟಳು. ಆಮೇಲೆ ಸಂಗಣ್ಣ, ಅವನ ಹಿಂದೆ ಬೀದಿ ಸಾಲುಗಟ್ಟಿತು.

ಎತ್ತುವ ಹೊತ್ತಿಗೆ ಸಂಗಣ್ಣ ಕೇಳಿದ: "ರೂಪಾಯಿ ತಕ್ಕೊಂಡು ನಿಮಗ ಕೊಡ್ಲೇನ್ರಿ ವೈನಿ?"

"ಬೇಡ, ಅಲ್ಲೇ ಇರ್ಲಿ. ಅಲ್ಲೂ ಯಾವ್ದಾರ ಹಳೇ ಮಿಷಿನ್ ಕಂಡ್ರೆ ನಿಲ್ಸಿ ನೋಡೋಕೆ ಬೇಕಾಯ್ತದೆ."

ತಮಟೆಯ ಸದ್ದು ಮುಖ್ಯರಸ್ತೆಯ ಕಡೆ ಸಾಗಿತು. ಹೆಂಗಸರು ಬೀದಿಯ ಕೊನೆಯವರೆಗೆ ಹೋಗಿ ನಿಂತರು. ಸದ್ದು ಬಸ್ಸುಗಳ ಹಾರನ್ನಿನಲ್ಲಿ ಕರಗಿದ ಮೇಲೆ ಒಬ್ಬೊಬ್ಬರಾಗಿ ತಿರುಗಿದರು. ರಾಮಕ್ಕ ಎಂದಿನ ಸುತ್ತಿನ ದಾರಿಗೆ ಹೋಗಲಿಲ್ಲ. ಸಂಗಣ್ಣನ ಬೀದಿಗೆ ಇಳಿದಳು. ವೆಂಕಟಮ್ಮ ಹಿಂಬಾಲಿಸಿದಳು.

ಅವನ ಬಾಗಿಲ ಮೇಲಿನ ಹಲಗೆಯ ತೇಗ ಒಂಬತ್ತು ಮಳೆಗಾಲಕ್ಕೆ ಕಪ್ಪಾಗಿತ್ತು. ಸೊನ್ನೆ ಮಾತ್ರ ಹಲಸಿನದು, ಹೊಸದಾಗಿ ಕುಯ್ದದ್ದು, ಇನ್ನೂ ಹಳದಿ. ಅದರ ಎಡಕ್ಕೊಂದು ಬಲಕ್ಕೊಂದು, ಎರಡು ನಂಟು. ರಾಮಕ್ಕ ಮೆಟ್ಟಿಲೇರಿ, ತುದಿಗಾಲಲ್ಲಿ ನಿಂತು, ತೋರುಬೆರಳಿನಿಂದ ಸೊನ್ನೆಯನ್ನು ಒತ್ತಿ ನೋಡಿದಳು. ಅದು ಅಲುಗಲಿಲ್ಲ. ಬೆರಳ ಸಂದಿಯಲ್ಲಿ ಉಳಿದಿದ್ದ ಒಂದು ಅಕ್ಕಿಕಾಳು ಉದುರಿ ಹೊಸ್ತಿಲ ಮೇಲೆ ಬಿತ್ತು.